ಚಳಿನಾಡಿನ ಪೆಕಾನ್: ನೆರಳಿಗೂ ಕಾಯಿಗೂ ಮರ ಬೆಳೆಸುವ ಸಮಗ್ರ ಮಾರ್ಗದರ್ಶಿ

ಅಕ್ರೋಟಿನಂತೆ ಚಿಪ್ಪಿನೊಳಗಿನ ತಿರುಳನ್ನು ತಿನ್ನುವ ಕಾಯಿ ಬಿಡುವ ಮರ ಪೆಕಾನ್. ಆ ಹೆಸರು ಕೇಳಿದೊಡನೆ ಅಮೆರಿಕದಲ್ಲಿರುವ ಕನ್ನಡಿಗರಿಗೆ ನೆನಪಾಗುವುದು ಟೆಕ್ಸಾಸ್ ಮತ್ತು ಜಾರ್ಜಿಯ. ಅದು ಸೆಖೆಯ ನಾಡಿನ ಮರ, ಇಲಿನಾಯ್, ಅಯೋವಾಗಳ ಹಿಮದಲ್ಲಿ ಉಳಿಯುವುದಿಲ್ಲ ಎನ್ನುವವರೇ ಹೆಚ್ಚು. ಮಿಸಿಸಿಪಿ ನದಿಯ ದಂಡೆ ಹಿಡಿದು ಉತ್ತರಕ್ಕೆ ಹೋದವರು ಈ ಮಾತನ್ನು ಒಪ್ಪುವುದಿಲ್ಲ. ಅಯೋವಾದ ಕ್ಲಿಂಟನ್ ಊರಿನ ಆಸುಪಾಸಿನವರೆಗೂ ಕಾಡು ಪೆಕಾನ್ ಮರಗಳಿವೆ. ಅವನ್ನು ಯಾರೂ ನೆಟ್ಟದ್ದಲ್ಲ, ಯಾರೂ ನೀರೆರೆದದ್ದಲ್ಲ. ಮಿಸೌರಿ, ಇಲಿನಾಯ್, ವಾಬಾಷ್ ನದಿಗಳ ಮೆಕ್ಕಲು ಬಯಲುಗಳಲ್ಲಿಯೂ ಅವು ತಾವಾಗಿ ಬೆಳೆದಿವೆ. ಮೈನಸ್ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 29 ಸೆಲ್ಸಿಯಸ್‌ನ ರಾತ್ರಿಗಳನ್ನು ದಾಟಿ ಬಂದ ವಂಶ ಅವುಗಳದು.

ಉತ್ತರದಲ್ಲಿ ಪೆಕಾನ್ ಬೆಳೆಸುವವರನ್ನು ಹೆಚ್ಚಾಗಿ ಸೋಲಿಸುವುದು ಜನವರಿಯಲ್ಲ, ಸೆಪ್ಟೆಂಬರ್. ಮರ ಚಳಿಗಾಲವನ್ನು ದಾಟುವುದು ಒಂದು ಮಾತು, ಚಿಪ್ಪಿನೊಳಗೆ ತಿರುಳು ತುಂಬಿಸುವುದು ಇನ್ನೊಂದು ಮಾತು. ಬೇಸಿಗೆ ಚಿಕ್ಕದಾದರೆ ಮರ ಹಸಿರಾಗಿ, ಎತ್ತರವಾಗಿ, ನೆರಳು ಕೊಡುತ್ತಾ ನಿಂತಿರುತ್ತದೆ. ಕಾಯಿ ಒಡೆದರೆ ಒಳಗೆ ಸುಕ್ಕುಗಟ್ಟಿದ ಪೊರೆ ಮಾತ್ರ ಸಿಗುತ್ತದೆ. ಆದ್ದರಿಂದ ತಳಿ, ಜಾಗ, ಕಸಿ ಎಲ್ಲವನ್ನೂ ನಿಮ್ಮೂರಿನ ಬೇಸಿಗೆಯನ್ನು ನೋಡಿ ನಿರ್ಧರಿಸಬೇಕು.

ಬೇಸಿಗೆಯ ಲೆಕ್ಕ

ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಚಳಿ ವಲಯಗಳ ನಕ್ಷೆಯನ್ನು ಎಲ್ಲರೂ ನೋಡುತ್ತಾರೆ. ಆ ನಕ್ಷೆ ಹೇಳುವುದು ಒಂದೇ ಸಂಗತಿ: ನಿಮ್ಮೂರಿನಲ್ಲಿ ಚಳಿಗಾಲದ ಅತಿ ತಣ್ಣನೆಯ ರಾತ್ರಿ ಸರಾಸರಿ ಎಷ್ಟು ಕೆಳಗಿಳಿಯುತ್ತದೆ ಎಂಬುದು. 5ನೇ ವಲಯವೆಂದರೆ ಮೈನಸ್ 20ರಿಂದ ಮೈನಸ್ 10 ಫ್ಯಾರನ್‌ಹೀಟ್, 6ನೇ ವಲಯವೆಂದರೆ ಮೈನಸ್ 10ರಿಂದ ಸೊನ್ನೆ. ಬೇಸಿಗೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಸಿಯಾಟಲ್ ನಗರ ನಕ್ಷೆಯಲ್ಲಿ ಸೇಂಟ್ ಲೂಯಿಸ್‌ಗಿಂತ ಎಷ್ಟೋ ಬೆಚ್ಚಗಿದೆ. ಆದರೂ ಅಲ್ಲಿ ಪೆಕಾನ್ ಕಾಯಿ ಬಲಿಯುವುದು ಕಷ್ಟ, ಏಕೆಂದರೆ ಆ ಕಡಲತೀರದ ಬೇಸಿಗೆ ತಂಪು, ರಾತ್ರಿಗಳು ಇನ್ನೂ ತಂಪು. ಸೇಂಟ್ ಲೂಯಿಸ್‌ನಲ್ಲಿ ಜುಲೈ ರಾತ್ರಿಯೂ ಬೆವರು ಸುರಿಯುತ್ತದೆ. ಮನುಷ್ಯರಿಗೆ ಹಿಂಸೆಯಾದ ಆ ಸೆಖೆಯೇ ಪೆಕಾನ್‌ಗೆ ಬೇಕಾದದ್ದು.

ಹೀಗೆ ಲೆಕ್ಕ ಹಾಕಿ. ನಿಮ್ಮೂರಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ವಸಂತದ ಕೊನೆಯ ದಿನ ಮತ್ತು ಶರತ್ಕಾಲದ ಮೊದಲ ದಿನ ಯಾವುವು ಎಂದು ಜಿಲ್ಲೆಯ ಕೃಷಿ ವಿಸ್ತರಣಾ ಕಚೇರಿಯಲ್ಲಿ ಕೇಳಿ. ನಡುವಿನ ದಿನಗಳನ್ನು ಎಣಿಸಿ. ದಕ್ಷಿಣದ ದೊಡ್ಡ ಕಾಯಿಯ ತೆಳುಚಿಪ್ಪಿನ ತಳಿಗಳಿಗೆ 200 ದಿನಗಳಾದರೂ ಬೇಕು. ಉತ್ತರದ ತಳಿಗಳಲ್ಲಿ ಬೇಗ ಬಲಿಯುವವು, ಬೇಸಿಗೆ ಬಿಸಿಯಾಗಿದ್ದರೆ, 150ರಿಂದ 160 ದಿನಗಳಲ್ಲಿ ಮುಗಿಸುತ್ತವೆ. ನಿಮ್ಮ ಲೆಕ್ಕ 150ಕ್ಕಿಂತ ಕೆಳಗಿದ್ದರೆ, ಮಿನ್ನೆಸೋಟದ ಬಹುಭಾಗದಲ್ಲಿ ಹಾಗೆಯೇ, ಪೆಕಾನ್‌ನಿಂದ ಕಾಯಿಯ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಹೇಜಲ್‌ನಟ್ ಅಥವಾ ಕಪ್ಪು ವಾಲ್‌ನಟ್ ನೆಟ್ಟವರು ಜಾಣರು.

ಶಿಕಾಗೋದವರಿಗೆ ಒಂದು ಮಾತು. ಮಿಶಿಗನ್ ಸರೋವರ ಚಳಿಯನ್ನು ತಗ್ಗಿಸುತ್ತದೆ, ನಿಜ; ಆದರೆ ವಸಂತವನ್ನೂ ತಣ್ಣಗಿಟ್ಟು ಮರ ಚಿಗುರುವುದನ್ನು ತಡಮಾಡುತ್ತದೆ. ಸರೋವರದ ದಡಕ್ಕಿಂತ ಅಲ್ಲಿಂದ ಒಳಗೆ, ಪಶ್ಚಿಮಕ್ಕೆ ಸರಿದ ಊರುಗಳ ಬೇಸಿಗೆ ಪೆಕಾನ್‌ಗೆ ಹೆಚ್ಚು ಒಗ್ಗುತ್ತದೆ.

ನೆರಳಿಗೆ ಬೀಜದ ಸಸಿ, ಕಾಯಿಗೆ ಕಸಿ

ನಿಮಗೆ ಬೇಕಾದದ್ದು ಮುಖ್ಯವಾಗಿ ನೆರಳಾದರೆ ಕಸಿಯ ಗೊಡವೆಗೆ ಹೋಗಬೇಕಿಲ್ಲ. ಉತ್ತರದ ಕಾಡು ಮರದಿಂದ ಆರಿಸಿದ ಬೀಜವನ್ನು ಮೊಳೆಯಿಸಿ ನೆಡಿ. ಅಂಥ ಸಸಿ ಚಳಿಗೆ ಹೆದರುವುದಿಲ್ಲ, ನೇರವಾಗಿ ಬೆಳೆಯುತ್ತದೆ, 70 ಅಡಿ ದಾಟುತ್ತದೆ. ಕಾಯಿ ಬಿಡಲು 10ರಿಂದ 15 ವರ್ಷ, ಉತ್ತರದಲ್ಲಿ ಒಮ್ಮೊಮ್ಮೆ ಅದಕ್ಕೂ ಹೆಚ್ಚು ಬೇಕು. ಬಿಟ್ಟ ಕಾಯಿ ತಾಯಿಯಂತೆಯೇ ಇರುತ್ತದೆಂಬ ಭರವಸೆ ಇಲ್ಲ. ಚಿಕ್ಕದೂ ಗಟ್ಟಿ ಚಿಪ್ಪಿನದೂ ಆಗುವ ಸಂಭವವೇ ಹೆಚ್ಚು.

ಕಾಯಿ ಬೇಕಾದರೆ ಕಸಿ ಮರವೇ ಬೇಕು. ಅದು 5ರಿಂದ 8 ವರ್ಷಗಳಲ್ಲಿ ಫಸಲು ಆರಂಭಿಸುತ್ತದೆ. ಇಲ್ಲಿ ಖರೀದಿದಾರರು ಗಮನಿಸದ ಒಂದು ಸಂಗತಿ ಇದೆ. ಕಸಿ ಮರದ ಮೇಲ್ಭಾಗ ಒಂದು ತಳಿ, ಬೇರಿನ ಭಾಗ ಇನ್ನೊಂದು. ದಕ್ಷಿಣದ ನರ್ಸರಿಗಳು ಅಲ್ಲಿಯ ಬೀಜದಿಂದ ಬೆಳೆಸಿದ ಬೇರುಸಸಿಯ ಮೇಲೆ ಉತ್ತರದ ತಳಿಯ ಕಸಿ ಕಟ್ಟಿ, ಚಳಿಗೆ ಜಗ್ಗದ ಪೆಕಾನ್ ಎಂದು ಮಾರುವುದುಂಟು. ಮೇಲ್ಭಾಗ ಜಗ್ಗುವುದಿಲ್ಲ, ಬೇರು ಜಗ್ಗುತ್ತದೆ. ಕಠಿಣ ಚಳಿಗಾಲದ ಬಳಿಕ ಬುಡದ ತೊಗಟೆ ಸೀಳಿ, ಮೇ ತಿಂಗಳಲ್ಲಿ ಚಿಗುರಿದ ಮರ ಜೂನ್‌ನಲ್ಲಿ ಒಣಗಿ ನಿಲ್ಲುತ್ತದೆ. ಕೊಳ್ಳುವ ಮುನ್ನ ಬೇರುಸಸಿ ಯಾವುದೆಂದು ಕೇಳಿ. ಕೋಲ್ಬಿ, ಗೈಲ್ಸ್, ಪೆರುಕ್ ಅಥವಾ ಉತ್ತರದ ಕಾಡುಮರಗಳ ಬೀಜ ಎಂಬ ಉತ್ತರ ಬಂದರೆ ಸರಿ. ಉತ್ತರವೇ ಬರದಿದ್ದರೆ ಹಣ ಬಿಚ್ಚಬೇಡಿ.

ಬೀಜದಿಂದ ಆರಂಭಿಸುವವರಿಗೆ ಇಷ್ಟು ಸಾಕು. ಶರತ್ಕಾಲದಲ್ಲಿ ಆರಿಸಿದ ಹೊಸ ಕಾಯಿಗಳನ್ನು ನೀರಿಗೆ ಹಾಕಿ, ತೇಲುವುದನ್ನು ಬಿಸಾಡಿ. ಮುಳುಗಿದವನ್ನು ತುಸು ತೇವದ ಮರದ ಹೊಟ್ಟಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಫ್ರಿಜ್‌ನಲ್ಲಿ ಸುಮಾರು 90 ದಿನ ಇಡಿ. ವಸಂತದಲ್ಲಿ ಎರಡು ಮೂರು ಅಂಗುಲ ಆಳಕ್ಕೆ ಬಿತ್ತಿ. ಸಾಧ್ಯವಾದರೆ ಮರ ನಿಲ್ಲಬೇಕಾದ ಜಾಗದಲ್ಲೇ ಬಿತ್ತಿ, ಮೇಲೆ ತಂತಿ ಜಾಲರಿ ಮುಚ್ಚಿ. ಜಾಲರಿ ಇಲ್ಲದಿದ್ದರೆ ನೀವು ಬಿತ್ತಿದ್ದು ಅಳಿಲಿನ ಊಟಕ್ಕೆ.

ತಳಿಗಳೂ ಜೋಡಿಗಳೂ

ಪೆಕಾನ್ ಗಾಳಿಯಿಂದ ಪರಾಗ ಪಡೆಯುವ ಮರ. ಗಂಡು ಹೂ, ಹೆಣ್ಣು ಹೂ ಒಂದೇ ಮರದಲ್ಲಿದ್ದರೂ ಎರಡೂ ಒಂದೇ ಹೊತ್ತಿಗೆ ಸಿದ್ಧವಾಗುವುದಿಲ್ಲ. ಮೊದಲನೆಯ ಬಗೆಯ ಮರಗಳಲ್ಲಿ ಪರಾಗ ಮೊದಲು ಉದುರುತ್ತದೆ, ಹೆಣ್ಣು ಹೂ ಆಮೇಲೆ. ಎರಡನೆಯ ಬಗೆಯಲ್ಲಿ ಹೆಣ್ಣು ಹೂ ಮೊದಲು, ಪರಾಗ ಆಮೇಲೆ. ಹಾಗಾಗಿ ಎರಡೂ ಬಗೆಯ ಒಂದೊಂದು ಮರ ಬೇಕು. ಪವ್ನೀ, ಮೇಜರ್, ಓಸೇಜ್, ಪೆರುಕ್ ಮೊದಲ ಬಗೆಯವು. ಕಾನ್ಜಾ, ಲಕೋಟಾ, ಕೋಲ್ಬಿ, ಪೋಸಿ ಎರಡನೆಯ ಬಗೆಯವು. ಒಂದು ಮರಕ್ಕಷ್ಟೇ ಜಾಗವಿದ್ದರೆ ಅದರ ಒಂದು ಕೊಂಬೆಗೆ ಇನ್ನೊಂದು ಬಗೆಯ ಕಸಿ ಕಟ್ಟಿಬಿಡಿ. ನದಿ ಬಯಲಿನ ಕಾಡು ಪೆಕಾನ್‌ಗಳು ಹತ್ತಿರವಿರುವ ಊರಿನವರಿಗೆ ಈ ಚಿಂತೆಯೇ ಇಲ್ಲ.

6ನೇ ವಲಯದಲ್ಲಿ ಮತ್ತು ಅದರ ಬೆಚ್ಚನೆಯ ಅಂಚಿನಲ್ಲಿ, ಅಂದರೆ ಸೇಂಟ್ ಲೂಯಿಸ್, ಕ್ಯಾನ್ಸಸ್ ಸಿಟಿ, ಲೂಯಿವಿಲ್‌ಗಳ ಸುತ್ತ, ನನ್ನ ಮೊದಲ ಆಯ್ಕೆ ಕಾನ್ಜಾ. ಮೇಜರ್ ಮತ್ತು ಶೋಶೋನಿ ತಳಿಗಳ ಸಂಕರ ಅದು. ಕೃಷಿ ಇಲಾಖೆಯ ತಳಿ ಅಭಿವೃದ್ಧಿ ಕಾರ್ಯಕ್ರಮ 1996ರಲ್ಲಿ ಬಿಡುಗಡೆ ಮಾಡಿತು. ಕಾಯಿ ತೀರಾ ದೊಡ್ಡದಲ್ಲ, ಆದರೆ ಒಡೆದರೆ ತಿರುಳು ಪುಡಿಯಾಗದೆ ಎರಡು ಇಡೀ ಹೋಳುಗಳಾಗಿ ಬರುತ್ತದೆ, ಎಲೆ ಮತ್ತು ಕಾಯಿಗೆ ತಗಲುವ ಕಜ್ಜಿ ರೋಗ ಹತ್ತಿರ ಸುಳಿಯುವುದಿಲ್ಲ. ಅದಕ್ಕೆ ಜೋಡಿಯಾಗಿ 1984ರ ಪವ್ನೀ: ಕಾಯಿ ದೊಡ್ಡದು, ಬೇಗ ಬಲಿಯುತ್ತದೆ, ಆದರೆ ಮಳೆ ಹೆಚ್ಚಿದ ಕಡೆ ಕಜ್ಜಿಗೆ ಸಿಕ್ಕುತ್ತದೆ. 2007ರಲ್ಲಿ ಬಂದ ಲಕೋಟಾ ಕೂಡ ಕಜ್ಜಿಯನ್ನು ಚೆನ್ನಾಗಿ ತಡೆಯುತ್ತದೆ.

ಇಲಿನಾಯ್‌ನ ನಡುಭಾಗ, ಇಂಡಿಯಾನ, ಓಹಾಯೋಗಳಿಗೆ ಕೋಲ್ಬಿ, ಪೋಸಿ, ಪೆರುಕ್, ಮೇಜರ್ ಹೊಂದುತ್ತವೆ. ಪೆರುಕ್‌ನ ಚಿಪ್ಪು ತೀರಾ ತೆಳು. ಅದು ನಿಮಗೆಷ್ಟು ಇಷ್ಟವೋ ಹಕ್ಕಿಗಳಿಗೂ ಅಷ್ಟೇ ಇಷ್ಟ. ಅದಕ್ಕೂ ಉತ್ತರಕ್ಕೆ, ಅಯೋವಾ ಮತ್ತು ದಕ್ಷಿಣ ಒಂಟಾರಿಯೋಗಳಲ್ಲಿ, ಅತ್ಯುತ್ತರದ ಕಾಡುಮರಗಳಿಂದ ಆರಿಸಿದ ತಳಿಗಳೇ ಗತಿ: ಕ್ಲಿಂಟನ್‌ನ ಕಾರ್ಲ್‌ಸನ್ 3, ಬರ್ಲಿಂಗ್ಟನ್ ಸೀಮೆಯ ವಿಟ್ಟೀ, ಇನ್ನು ಮುಲಾಹಿ. ಇವುಗಳ ಕಾಯಿ ಸಣ್ಣದು. ಅಂಗಡಿಯ ಜಾರ್ಜಿಯ ಪೆಕಾನ್ ಕಂಡವರು ಮೂಗು ಮುರಿಯಬಹುದು. ತಿಂದ ಮೇಲೆ ಮುರಿಯುವುದಿಲ್ಲ: ಈ ಪುಟ್ಟ ಕಾಯಿಗಳ ತಿರುಳಿನಲ್ಲಿ ಎಣ್ಣೆ ಸಮೃದ್ಧ, ರುಚಿ ಗಾಢ.

ಜಾಗ ಗೊತ್ತುಮಾಡುವುದು

ಮೂಲತಃ ಇದು ನದಿ ಬಯಲಿನ ಮರ. ಆಳವಾದ ಮಣ್ಣು, ಕೆಳಗೆ ತೇವ, ಆದರೆ ಬುಡದಲ್ಲಿ ಬೇಸಿಗೆಯಿಡೀ ನೀರು ನಿಲ್ಲದ ನೆಲ ಅದಕ್ಕೆ ಒಗ್ಗುತ್ತದೆ. ನಾಲ್ಕೈದು ದಿನಗಳ ವಸಂತದ ನೆರೆಗೆ ಏನೂ ಆಗುವುದಿಲ್ಲ. ಹೊಸ ಬಡಾವಣೆಗಳ ಹಿತ್ತಿಲುಗಳಲ್ಲಿ ಸಮಸ್ಯೆ ಬೇರೆಯೇ. ಮನೆ ಕಟ್ಟುವಾಗ ಮೇಲ್ಮಣ್ಣನ್ನು ಕೆರೆದು ತೆಗೆದು, ಯಂತ್ರ ಓಡಿಸಿ ಜೇಡಿಯನ್ನು ಗಟ್ಟಿ ಮಾಡಿ, ಮೇಲೆ ಹುಲ್ಲಿನ ಚಾಪೆ ಹಾಸಿರುತ್ತಾರೆ. ಗುದ್ದಲಿಯಿಂದ ಎರಡು ಅಡಿ ತೋಡಿ ನೀರು ತುಂಬಿಸಿ ನೋಡಿ. ಮರುದಿನವೂ ನೀರು ಹಾಗೆಯೇ ನಿಂತಿದ್ದರೆ ಬೇರೆ ಜಾಗ ಹುಡುಕಿ. ಮಣ್ಣಿನ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 6ರಿಂದ 7ರ ನಡುವೆ ಇದ್ದರೆ ಒಳ್ಳೆಯದು.

ಮನೆಯಿಂದ ಕನಿಷ್ಠ 40 ಅಡಿ ದೂರವಿರಲಿ. ಈಗ ಪೊರಕೆ ಕಡ್ಡಿಯಂತೆ ಕಾಣುವ ಸಸಿಯ ಹರವು ಮುಂದೆ 40ರಿಂದ 70 ಅಡಿ ಆಗುತ್ತದೆ. ಮನೆಯ ಪಶ್ಚಿಮಕ್ಕೆ ಅಥವಾ ನೈಋತ್ಯಕ್ಕೆ ನೆಟ್ಟರೆ ಬೇಸಿಗೆಯ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ. ಪೆಕಾನ್ ತಡವಾಗಿ ಚಿಗುರಿ ಬೇಗ ಎಲೆ ಉದುರಿಸುವ ಮರವಾದ್ದರಿಂದ ಚಳಿಗಾಲದ ಬಿಸಿಲಿಗೆ ಅಡ್ಡಿಯಿಲ್ಲ. ಎಲೆಗಳು ಸಣ್ಣ ಸಣ್ಣ ಕಿರುಎಲೆಗಳಾಗಿ ಉದುರುವುದರಿಂದ ಮೇಪಲ್ ಎಲೆಯಂತೆ ಹುಲ್ಲನ್ನು ಮುಚ್ಚಿ ಕೊಳೆಸುವುದೂ ಇಲ್ಲ. ಕಾರು ನಿಲ್ಲಿಸುವ ಜಾಗದ ಮೇಲೆ ಮಾತ್ರ ಕೊಂಬೆ ಚಾಚದಿರಲಿ. ಗಿಡಹೇನಿನ ಕಾಲದಲ್ಲಿ ಅಂಟು ದ್ರವ ಸೋರುತ್ತದೆ, ಮಂಜುಗಡ್ಡೆಯ ಬಿರುಗಾಳಿಯಲ್ಲಿ ಕೊಂಬೆ ಮುರಿಯುತ್ತದೆ.

ಎರಡು ಮರಗಳ ನಡುವೆ 40 ಅಡಿ ಬಿಡಿ. ಅಗೆಯುವ ಕೆಲವು ದಿನಗಳ ಮೊದಲು 811ಕ್ಕೆ ಕರೆ ಮಾಡಿ. ಗ್ಯಾಸ್ ಕೊಳವೆ, ವಿದ್ಯುತ್ ತಂತಿಗಳು ನೆಲದಡಿ ಎಲ್ಲಿವೆಯೆಂದು ಉಚಿತವಾಗಿ ಗುರುತು ಹಾಕಿ ಹೋಗುತ್ತಾರೆ. ಬಡಾವಣೆಯ ನಿವಾಸಿಗಳ ಸಂಘವಿದ್ದರೆ ಅದರ ನಿಯಮವನ್ನೂ ಓದಿ. ಸಂಘದ ತಕರಾರು ಮರ 30 ಅಡಿ ಆದಮೇಲೆ ಬರುವುದಕ್ಕಿಂತ ಈಗಲೇ ಬರುವುದು ಲೇಸು.

ನೆಡುವುದು

ಉತ್ತರದಲ್ಲಿ ನೆಡುವ ಕಾಲ ವಸಂತ, ನೆಲದ ಹಿಮ ಕರಗಿ ಮಣ್ಣು ಪುಡಿಯಾಗುವಂತಾದ ಕೂಡಲೇ. ಪೆಕಾನ್ ಸಸಿಯ ತಾಯಿಬೇರು ಮೇಲ್ಭಾಗಕ್ಕಿಂತ ಎಷ್ಟೋ ಉದ್ದ. ಮೊದಲ ವರ್ಷದ ಸಸಿ ನೆಲದ ಮೇಲೆ ಒಂದು ಗೇಣು ಕಂಡರೆ ಕೆಳಗೆ ಎರಡು ಮೂರು ಅಡಿ ಇಳಿದಿರುತ್ತದೆ. ಗುಂಡಿ ಅಗಲಕ್ಕಿಂತ ಆಳವಾಗಿರಬೇಕು. ಬೇರನ್ನು ಸುತ್ತಿ ಗುಂಡಿಯಲ್ಲಿ ತುರುಕಬೇಡಿ. ತುಂಬಾ ಉದ್ದವಾದರೆ ತುದಿಯನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ, ಅದು ಕವಲೊಡೆಯುತ್ತದೆ. ಯಂತ್ರದಿಂದ ಕೊರೆದ ಗುಂಡಿಯ ಒಳಮೈ ಜೇಡಿಮಣ್ಣಿನಲ್ಲಿ ನುಣುಪಾಗಿ ಗೋಡೆಯಂತಾಗುತ್ತದೆ. ಸಲಾಕೆಯಿಂದ ಗೀರಿ ಒರಟು ಮಾಡಿ.

ಬಗೆದ ಮಣ್ಣನ್ನೇ ಮರಳಿ ತುಂಬಿ. ಗೊಬ್ಬರ, ಕಾಂಪೋಸ್ಟ್ ಯಾವುದನ್ನೂ ಗುಂಡಿಗೆ ಹಾಕಬೇಡಿ. ಊರಿನಲ್ಲಿ ತೆಂಗಿನ ಗುಂಡಿಗೆ ಬುಟ್ಟಿಗಟ್ಟಲೆ ಗೊಬ್ಬರ ಸುರಿದು ಅಭ್ಯಾಸವಾದವರಿಗೆ ಕೈ ತಡೆಯುವುದಿಲ್ಲ, ಆದರೂ ತಡೆಯಿರಿ. ಸಿಹಿ ಮಣ್ಣು ಸಿಕ್ಕ ಬೇರು ಗುಂಡಿಯೊಳಗೇ ಸುತ್ತುತ್ತದೆ. ಅರ್ಧ ತುಂಬಿದಾಗ ನೀರು ಹೊಯ್ದು ಗಾಳಿ ಹೊರಡಿಸಿ, ಮತ್ತೆ ತುಂಬಿ. ಕಸಿಯ ಗಂಟು ನೆಲದ ಮೇಲೆಯೇ ಇರಲಿ. ಕುಂಡವಿಲ್ಲದೆ ಬಂದ ಬರಿಬೇರಿನ ಸಸಿಯಾದರೆ ಮೇಲ್ಭಾಗದ ಮೂರನೇ ಒಂದರಿಂದ ಅರ್ಧದಷ್ಟನ್ನು ಕತ್ತರಿಸಿ. ನೋಡಲು ಕ್ರೂರವೆನಿಸುತ್ತದೆ, ಆದರೆ ಬೇರು ಕಳೆದುಕೊಂಡ ಸಸಿ ಅಷ್ಟು ಎಲೆಗೆ ನೀರೊದಗಿಸಲಾರದು.

ಮೊದಲ ಐದು ವರ್ಷ

ಎಳೆಯ ಪೆಕಾನ್‌ನ ದೊಡ್ಡ ಶತ್ರು ಹುಲ್ಲುಹಾಸು. ಬುಡದಿಂದ ಮೂರು ಅಡಿ ಸುತ್ತ ಹುಲ್ಲು ಕಿತ್ತು, ಮೂರು ನಾಲ್ಕು ಅಂಗುಲ ದಪ್ಪಕ್ಕೆ ಮರದ ಚಕ್ಕೆಯ ಹೊದಿಕೆ ಹಾಕಿ. ಕಾಂಡಕ್ಕೆ ತಗಲದಂತೆ ಒಂದು ಕೈಯಗಲ ಬಿಡಿ. ಮಳೆ ಇಲ್ಲದ ವಾರಗಳಲ್ಲಿ ವಾರಕ್ಕೊಮ್ಮೆ ಸುಮಾರು 20 ಲೀಟರ್ ನೀರನ್ನು ನಿಧಾನವಾಗಿ ಇಂಗಿಸಿ. ದಿನವೂ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿಯುತ್ತದೆ.

ಮೊದಲ ವರ್ಷ ರಸಗೊಬ್ಬರ ಬೇಡ. ಎರಡನೆಯ ವರ್ಷದಿಂದ ವಸಂತದಲ್ಲಿ ಮಾತ್ರ, ಮಣ್ಣಿನ ಪರೀಕ್ಷೆ ಹೇಳಿದಷ್ಟು. ಜುಲೈ ದಾಟಿದ ಮೇಲೆ ಸಾರಜನಕ ಕೊಟ್ಟರೆ ಮರ ಶರತ್ಕಾಲದಲ್ಲೂ ಚಿಗುರುತ್ತಾ ಇರುತ್ತದೆ. ಆ ಎಳೆ ಚಿಗುರು ಗಟ್ಟಿಯಾಗುವ ಮೊದಲೇ ನವೆಂಬರ್‌ನ ಚಳಿ ಬಂದು ಸುಟ್ಟುಹಾಕುತ್ತದೆ. ಎಷ್ಟೋ ಕಡೆ ಚಳಿಯ ಮೇಲೆ ಹೊರಿಸುವ ಆರೋಪ ಸಲ್ಲಬೇಕಾದದ್ದು ಗೊಬ್ಬರದ ಚೀಲಕ್ಕೆ.

ಚಳಿಗಾಲದ ಬಿಸಿಲೂ ಅಪಾಯ. ಫೆಬ್ರವರಿಯ ಮಧ್ಯಾಹ್ನ ನೈಋತ್ಯದಿಂದ ಬೀಳುವ ಬಿಸಿಲು, ಹಿಮದ ಮೇಲಿನ ಪ್ರತಿಫಲನವೂ ಸೇರಿ, ತೊಗಟೆಯನ್ನು ಬಿಸಿ ಮಾಡುತ್ತದೆ. ಸಂಜೆ ಒಮ್ಮೆಲೇ ಹೆಪ್ಪುಗಟ್ಟಿ ತೊಗಟೆ ಸೀಳುತ್ತದೆ. ನೀರು ಬೆರೆಸಿದ ಬಿಳಿ ಲೇಟೆಕ್ಸ್ ಬಣ್ಣವನ್ನು ಕಾಂಡಕ್ಕೆ ಬಳಿಯುವುದು ಅಗ್ಗದ, ನಂಬಬಹುದಾದ ಉಪಾಯ. ಬುಡಕ್ಕೆ ಸುತ್ತ ಸಣ್ಣ ಕಣ್ಣಿನ ತಂತಿ ಜಾಲರಿ ಇರಲಿ, ಇಲ್ಲದಿದ್ದರೆ ಹಿಮದಡಿಯಲ್ಲಿ ಹೊಲದ ಇಲಿಗಳು ತೊಗಟೆಯನ್ನು ಸುತ್ತಲೂ ಕಡಿಯುತ್ತವೆ. ಜಿಂಕೆ ಬರುವ ಕಡೆ ಐದಡಿ ಎತ್ತರದ ಬೇಲಿಗೂಡು ಬೇಕು. ಚಿಗುರು ತಿನ್ನುವುದಷ್ಟೇ ಅಲ್ಲ, ಶರತ್ಕಾಲದಲ್ಲಿ ಗಂಡು ಜಿಂಕೆ ಎಳೆಯ ಕಾಂಡಕ್ಕೆ ಕೊಂಬು ಉಜ್ಜಿ ಮರವನ್ನೇ ಮುಗಿಸುತ್ತದೆ.

ಸವರುವಾಗ ಒಂದೇ ನಡುಕಾಂಡ ಮೇಲೇರುವಂತೆ ನೋಡಿಕೊಳ್ಳಿ. ಕಾಂಡಕ್ಕೆ ಚೂಪಾದ ಕೋನದಲ್ಲಿ ಅಂಟಿಕೊಂಡ ಕೊಂಬೆಗಳನ್ನು ಚಿಕ್ಕದಿರುವಾಗಲೇ ತೆಗೆಯಿರಿ. ಇವೇ ಮುಂದೆ ಕಾಯಿಭಾರಕ್ಕೆ ಸೀಳುವವು. ಕೆಳಗಿನ ಸಣ್ಣ ರೆಂಬೆಗಳನ್ನು ಮಾತ್ರ ಅವಸರದಿಂದ ಬೋಳಿಸಬೇಡಿ. ಅವು ಕಾಂಡವನ್ನು ದಪ್ಪ ಮಾಡುತ್ತವೆ, ಬಿಸಿಲಿನಿಂದ ಕಾಯುತ್ತವೆ.

ಕಸಿ ಕಟ್ಟುವುದು

ಪೆಕಾನ್ ಕೃಷಿ ಇಂದಿನ ಸ್ವರೂಪಕ್ಕೆ ಬಂದದ್ದೇ ಕಸಿಯಿಂದ. ಲೂಯಿಸಿಯಾನದ ಓಕ್ ಆಲಿ ತೋಟದಲ್ಲಿ ಗುಲಾಮನಾಗಿದ್ದ ಆಂಟ್ವಾನ್ ಎಂಬ ತೋಟಗಾರ 1846–47ರ ಚಳಿಗಾಲದಲ್ಲಿ ಒಂದು ಒಳ್ಳೆಯ ಮರದ ಕಡ್ಡಿಗಳನ್ನು ಕಸಿ ಕಟ್ಟಿ ಗೆದ್ದ. ಆ ಮರದ ಕಾಯಿ 1876ರ ಫಿಲಡೆಲ್ಫಿಯ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ಪಡೆದು ಸೆಂಟೆನಿಯಲ್ ಎಂದು ಹೆಸರಾಯಿತು. ಕಸಿ ಕಟ್ಟಿದವನ ಪೂರ್ಣ ಹೆಸರು ಕೂಡ ದಾಖಲೆಯಲ್ಲಿ ಉಳಿಯಲಿಲ್ಲ.

ಬೀಜದಿಂದ ಬೆಳೆದ ಸಸಿ ಹೆಬ್ಬೆರಳ ದಪ್ಪವಾದಾಗ, ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ, ಹಿತ್ತಿಲಿನವರಿಗೆ ಸುಲಭವಾದದ್ದು ನಾಲ್ಕು ಪಟ್ಟಿಯ ಕಸಿ. ತೊಗಟೆ ಕಟ್ಟಿಗೆಯಿಂದ ಸಲೀಸಾಗಿ ಬಿಡುವ ಕಾಲ ಇದಕ್ಕೆ ಬೇಕು. ಮಧ್ಯ ಪಶ್ಚಿಮದಲ್ಲಿ ಅದು ಏಪ್ರಿಲ್ ಕೊನೆಯಿಂದ ಮೇ ತಿಂಗಳಿಡೀ.

ಕಸಿಕಡ್ಡಿಯನ್ನು, ಅಂದರೆ ಬೇಕಾದ ತಳಿಯ ಮರದಿಂದ ತೆಗೆದು ಸಸಿಯ ಮೇಲೆ ಕೂರಿಸುವ ಕಡ್ಡಿಯನ್ನು, ಮಾತ್ರ ಫೆಬ್ರವರಿ ಅಥವಾ ಮಾರ್ಚ್‌ನಲ್ಲೇ, ಮೊಗ್ಗು ಮಲಗಿರುವಾಗ ಕತ್ತರಿಸಿಟ್ಟುಕೊಳ್ಳಬೇಕು. ಹಿಂದಿನ ವರ್ಷದ ಆರೋಗ್ಯವಂತ ಚಿಗುರು, ಪೆನ್ಸಿಲ್‌ಗಿಂತ ತುಸು ದಪ್ಪ. ಒದ್ದೆ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಅದೇ ಫ್ರಿಜ್‌ನಲ್ಲಿ ಸೇಬು ಇರಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲ ಮೊಗ್ಗುಗಳನ್ನು ಕೊಲ್ಲುತ್ತದೆ. ಮನೆಮಂದಿಗೆಲ್ಲ ಮೊದಲೇ ಹೇಳಿಡಿ.

ಕಸಿಯ ದಿನ ಬೇರುಸಸಿಯನ್ನು ಕಸಿಕಡ್ಡಿಯಷ್ಟೇ ದಪ್ಪವಿರುವ ಎತ್ತರದಲ್ಲಿ ಅಡ್ಡಲಾಗಿ ಸಮನಾಗಿ ಕತ್ತರಿಸಿ. ಮೇಲಿನಿಂದ ಕೆಳಕ್ಕೆ ಸುಮಾರು ಒಂದೂವರೆ ಅಂಗುಲ ಉದ್ದಕ್ಕೆ, ಸಮ ಅಂತರದಲ್ಲಿ ನಾಲ್ಕು ಕಡೆ ತೊಗಟೆಯನ್ನು ಕಟ್ಟಿಗೆ ತಾಗುವಷ್ಟು ಸೀಳಿ. ಕಸಿಕಡ್ಡಿಯ ಕೆಳತುದಿಯಲ್ಲಿ ಅಷ್ಟೇ ಉದ್ದಕ್ಕೆ ನಾಲ್ಕು ಮುಖ ಕೆತ್ತಿ, ಮೂಲೆಗಳಲ್ಲಿ ತೊಗಟೆಯ ತೆಳು ಗೆರೆ ಉಳಿಯಲಿ. ಈಗ ಬೇರುಸಸಿಯ ನಾಲ್ಕು ಪಟ್ಟಿಗಳನ್ನು ಬಾಳೆಹಣ್ಣು ಸುಲಿದಂತೆ ಕೆಳಕ್ಕೆ ಸುಲಿದು, ನಡುವೆ ಉಳಿದ ಕಟ್ಟಿಗೆಯ ಕೋಲನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ. ಆ ಜಾಗದಲ್ಲಿ ಕಸಿಕಡ್ಡಿಯನ್ನು ನಿಲ್ಲಿಸಿ, ಒಂದೊಂದು ಪಟ್ಟಿ ಒಂದೊಂದು ಮುಖದ ಮೇಲೆ ಕೂರುವಂತೆ ಮೇಲೆತ್ತಿ ರಬ್ಬರ್ ಪಟ್ಟಿಯಿಂದ ಬಿಗಿಯಿರಿ. ಮೊಗ್ಗು ಮೇಲ್ಮುಖವಾಗಿರಬೇಕು ಎಂಬುದನ್ನು ಹೇಳಬೇಕಿಲ್ಲ ಅನ್ನಿಸಬಹುದು, ಆದರೆ ಅವಸರದಲ್ಲಿ ತಲೆಕೆಳಗಾಗಿ ಕಟ್ಟುವವರಿದ್ದಾರೆ.

ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಅದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ ಕಡ್ಡಿ ಹೊರಬರುವಂತೆ ತೊಡಿಸಿ, ಮೇಲೂ ಕೆಳಗೂ ಕಟ್ಟಿ. ಕಡ್ಡಿಯ ಕತ್ತರಿಸಿದ ತುದಿಗೆ ಬಿಳಿ ಅಂಟು ಹಚ್ಚಿ. ಮೂರರಿಂದ ಐದು ವಾರಗಳಲ್ಲಿ ಮೊಗ್ಗು ಒಡೆಯುತ್ತದೆ. ಕಸಿಯ ಕೆಳಗೆ ಬರುವ ಚಿಗುರುಗಳನ್ನು ವಾರ ವಾರವೂ ಕಿತ್ತುಹಾಕಿ. ಹಕ್ಕಿ ಕೂತರೆ ಹೊಸ ಕಸಿ ಮುರಿಯುತ್ತದೆ, ಆದ್ದರಿಂದ ಅದಕ್ಕಿಂತ ಎತ್ತರದ ಕೋಲೊಂದನ್ನು ಪಕ್ಕದಲ್ಲಿ ಕಟ್ಟಿ. ಹಕ್ಕಿ ಕೋಲಿನ ಮೇಲೆ ಕೂರುತ್ತದೆ, ಬೆಳೆಯುವ ಚಿಗುರಿಗೂ ಆಸರೆಯಾಗುತ್ತದೆ.

ಬೆಳೆದ ಮರದ ಆರೈಕೆ

ಪಿಎಚ್ 7 ದಾಟಿದ ಮಣ್ಣಿನಲ್ಲಿ ಮರಕ್ಕೆ ಸತು ಸಿಗುವುದಿಲ್ಲ. ತುದಿಯ ಎಲೆಗಳು ಚಿಕ್ಕದಾಗಿ, ಕಂಚಿನ ಬಣ್ಣಕ್ಕೆ ತಿರುಗಿ ಗುಚ್ಛವಾಗುವುದು ಇದರ ಗುರುತು. ಎಲೆ ಬಿಚ್ಚಿಕೊಳ್ಳುವ ದಿನಗಳಲ್ಲಿ ಸತುವಿನ ಸಲ್ಫೇಟ್ ದ್ರಾವಣವನ್ನು ಎಲೆಗೆ ಸಿಂಪಡಿಸಬೇಕು. ಕ್ಷಾರ ಮಣ್ಣಿಗೆ ಸುರಿದರೆ ದಂಡ. ಆಗಸ್ಟ್ ಮತ್ತು ಸೆಪ್ಟೆಂಬರ್ ತಿರುಳು ತುಂಬುವ ಕಾಲ. ಆಗ ಮಳೆ ಕೈಕೊಟ್ಟರೆ ವಾರಕ್ಕೆ ಎರಡು ಅಂಗುಲ ಮಳೆಗೆ ಸಮನಾದ ನೀರು ಕೊಡಿ.

ಮಾವಿನಂತೆ ಪೆಕಾನ್ ಕೂಡ ಒಂದು ವರ್ಷ ಮೈತುಂಬ ಬಿಟ್ಟು ಮರುವರ್ಷ ಮುನಿಸಿಕೊಳ್ಳುತ್ತದೆ. ಹೆಚ್ಚು ಹೊತ್ತ ವರ್ಷ ಚಳಿಗೆ ತಡೆಯುವ ಶಕ್ತಿಯೂ ಕಡಿಮೆ, ಏಕೆಂದರೆ ಬೇರಿನಲ್ಲಿ ಸೇರಬೇಕಾದ ಪಿಷ್ಟ ಕಾಯಿಗೆ ಹೋಗಿರುತ್ತದೆ.

ರೋಗ, ಹುಳು, ಅಳಿಲು

70 ಅಡಿ ಎತ್ತರದ ಮರಕ್ಕೆ ಹಿತ್ತಿಲಿನಲ್ಲಿ ನಿಂತು ಔಷಧ ಸಿಂಪಡಿಸಲಾಗದು. ಕಜ್ಜಿ ರೋಗ ಶಿಲೀಂಧ್ರದಿಂದ ಬರುತ್ತದೆ, ಎಲೆ ಮತ್ತು ಕಾಯಿಯ ಹೊರಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿಸುತ್ತದೆ. ಅದಕ್ಕೆ ಮದ್ದು ತಳಿಯ ಆಯ್ಕೆಯಲ್ಲಿಯೇ ಇದೆ, ಕಾನ್ಜಾ ಬಗ್ಗೆ ನನ್ನ ಒಲವಿಗೆ ಕಾರಣವೂ ಇದೇ.

ಪೆಕಾನ್ ಮೂತಿಹುಳು ಹಟಮಾರಿ. ಆಗಸ್ಟ್‌ನಲ್ಲಿ, ಒಳ್ಳೆಯ ಮಳೆಯ ಬಳಿಕ, ಮಣ್ಣಿನಿಂದ ಎದ್ದು ಮರ ಹತ್ತಿ ಕಾಯಿಯಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ತಿರುಳು ತಿಂದು ಚಿಪ್ಪಿನಲ್ಲಿ ದುಂಡನೆಯ ತೂತು ಕೊರೆದು ಹೊರಬಂದು ಮಣ್ಣಿಗಿಳಿಯುತ್ತದೆ. ಒಂದು ಸುತ್ತಿಗೆ ಎರಡರಿಂದ ಮೂರು ವರ್ಷ ಬೇಕಾಗುವುದರಿಂದ ಒಂದು ವರ್ಷದ ಹೋರಾಟ ಸಾಲದು. ಕಾಂಡಕ್ಕೆ ಕಟ್ಟುವ ಜಾಲರಿ ಬಲೆಗಳು ಹತ್ತುವ ಹುಳುಗಳನ್ನು ಹಿಡಿಯುತ್ತವೆ. ಬೇಗ ಉದುರಿದ ಕಾಯಿಗಳನ್ನೂ ತೂತುಬಿದ್ದವನ್ನೂ ಆಗಾಗ ಆರಿಸಿ ನಾಶಮಾಡಿ. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಅವುಗಳಿಗೆ ಮನೆ ಕೊಟ್ಟಂತೆ. ಗಿಡಹೇನು ಬಂದರೆ ತಳಮಳ ಬೇಡ. ಗುಲಗಂಜಿ ಹುಳುಗಳು ಬಂದು ತಿನ್ನುತ್ತವೆ. ಅವಸರದ ಔಷಧ ಮೊದಲು ಕೊಲ್ಲುವುದು ಆ ಮಿತ್ರರನ್ನೇ.

ಅಳಿಲಿನಿಂದ ಪೂರ್ಣ ರಕ್ಷಣೆ ಇಲ್ಲ. ಮರ ಒಂಟಿಯಾಗಿದ್ದು, ಹತ್ತಡಿ ಸುತ್ತ ಬೇರೆ ಮರವೋ ಬೇಲಿಯೋ ಇಲ್ಲದಿದ್ದರೆ, ಕಾಂಡಕ್ಕೆ ಐದಡಿ ಎತ್ತರದಲ್ಲಿ ಎರಡಡಿ ಅಗಲದ ತಗಡು ಸುತ್ತಿ ತಡೆಯಬಹುದು. ವರ್ಷಕ್ಕೊಮ್ಮೆ ಸಡಿಲಿಸದಿದ್ದರೆ ತಗಡು ಕಾಂಡವನ್ನು ಕೊರೆಯುತ್ತದೆ.

ಕೊಯ್ಲು ಮತ್ತು ದಾಸ್ತಾನು

ಅಕ್ಟೋಬರ್‌ನಲ್ಲಿ ಹಸಿರು ಹೊರಸಿಪ್ಪೆ ನಾಲ್ಕಾಗಿ ಬಿರಿದರೆ ಕಾಯಿ ಬಲಿಯಿತೆಂದು ಅರ್ಥ. ಬಿರಿಯುವ ಮೊದಲೇ ಹೆಪ್ಪುಗಟ್ಟಿಸುವ ಕಡುಚಳಿ ಬಿದ್ದರೆ ಸಿಪ್ಪೆ ಕಪ್ಪಾಗಿ ಕಾಯಿಗೆ ಅಂಟಿಕೊಂಡು ಮರದಲ್ಲೇ ನೇತಾಡುತ್ತದೆ. ಇದು ವರ್ಷ ವರ್ಷವೂ ಆಗುತ್ತಿದ್ದರೆ ನಿಮ್ಮ ಬೇಸಿಗೆಗೆ ತಳಿ ಹೊಂದಿಲ್ಲ ಎಂದು ತಿಳಿದು, ಬೇಗ ಬಲಿಯುವ ತಳಿಯನ್ನು ಅದೇ ಮರದ ಮೇಲೆ ಕಸಿ ಕಟ್ಟಿ.

ಉದ್ದ ಗಳದಿಂದ ಕೊಂಬೆ ಅಲ್ಲಾಡಿಸಿ ಬೀಳಿಸಿ, ಅದೇ ದಿನ ಆರಿಸಿ. ರಾತ್ರಿ ಬಿಟ್ಟರೆ ಅಳಿಲು ಮತ್ತು ಜಿಂಕೆಗಳ ಪಾಲು. ಹಸಿ ಕಾಯಿಯ ತಿರುಳು ರಬ್ಬರಿನಂತೆ ಬಾಗುತ್ತದೆ. ಈರುಳ್ಳಿ ಚೀಲದಂಥ ಜಾಲರಿಯಲ್ಲಿ ತುಂಬಿ, ಗಾಳಿಯಾಡುವ ನೆರಳಿನಲ್ಲಿ ಎರಡು ವಾರ ತೂಗುಹಾಕಿ. ತಿರುಳು ಟಕ್ಕೆಂದು ಮುರಿದರೆ ಒಣಗಿದೆ, ತೇವ ಶೇ 4–5ಕ್ಕೆ ಇಳಿದಿದೆ.

ತಿರುಳಿನಲ್ಲಿ ಸುಮಾರು ಶೇ 70 ಎಣ್ಣೆ ಇರುವುದರಿಂದ ಅಡುಗೆಮನೆಯ ಕಪಾಟಿನಲ್ಲಿ ಒಂದೆರಡು ತಿಂಗಳಿಗೇ ಕಮಟು ವಾಸನೆ ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಫ್ರಿಜ್‌ನಲ್ಲಿಟ್ಟರೆ ಒಂದು ವರ್ಷ, ಫ್ರೀಜರ್‌ನಲ್ಲಿಟ್ಟರೆ ಎರಡು ವರ್ಷ ಬಾಳುತ್ತದೆ. ಕೊಯ್ಲು ಬರುವುದು ದೀಪಾವಳಿಯ ಹೊತ್ತಿಗೇ. ತಿರುಳಿನ ಸಿಪ್ಪೆಯಲ್ಲಿ ತುಸು ಒಗರಿರುವುದರಿಂದ ಸಣ್ಣ ಉರಿಯಲ್ಲಿ ಹುರಿದು ಬಳಸಿ. ಬೆಲ್ಲದ ಪಾಕಕ್ಕೆ ಹಾಕಿದ ಪೆಕಾನ್ ಚಿಕ್ಕಿ ಶೇಂಗಾ ಚಿಕ್ಕಿಗಿಂತ ಮೆತ್ತಗೆ, ಬೆಣ್ಣೆಯಂತೆ ಕರಗುತ್ತದೆ.

ಊರಿಗೆ ಹೋಗುವಾಗ ನೆಡಲೆಂದು ಬೀಜ ಒಯ್ಯುವ ಯೋಚನೆ ಕೆಲವರಿಗೆ ಬರುತ್ತದೆ. ಬಿತ್ತನೆಗೆ ಬೀಜ ತರಲು ಭಾರತದಲ್ಲಿ ಆಮದು ಪರವಾನಗಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಅದಿದ್ದರೂ ಬೆಂಗಳೂರಿಗೋ ಶಿರಸಿಗೋ ಈ ತಳಿಗಳಿಂದ ಪ್ರಯೋಜನವಿಲ್ಲ, ಮೊಗ್ಗು ಸರಿಯಾಗಿ ಒಡೆಯಲು ಬೇಕಾದ ಚಳಿ ಅಲ್ಲಿಲ್ಲ. ಭಾರತದಲ್ಲಿ ಪೆಕಾನ್ ಬೆಳೆಯುವುದು ಹಿಮಾಚಲದಂಥ ಬೆಟ್ಟದ ನಾಡಿನಲ್ಲಿ. ಊರಿನವರಿಗೆ ಹುರಿದ ತಿರುಳನ್ನೇ ಡಬ್ಬದಲ್ಲಿ ತುಂಬಿ ಒಯ್ಯಿರಿ.